ಒಕ್ಕಣ್ಣ ಜೀಪಿಗೆ ಮನೆಯಂಗಳದಲ್ಲೇ ಬಲ್ಬು

2016ರ ಜುಲೈ ತಿಂಗಳು. ನಮ್ಮ ಜೀಪಿನ ಬಲಗಡೆಯ ಹೆಡ್‌ಲೈಟ್ ಹೋಗಿ ಆಗ ಹದಿನೈದು ದಿನವಾಗಿತ್ತು. ನಡುವೆ ಎರಡು ಸಲ ಸುಳ್ಯ ಪೇಟೆಗೆ ಹೋಗಿ ಬಂದಿದ್ದೆ. ಒಮ್ಮೆ ಗ್ಯಾರೇಜಿನಲ್ಲಿ ಸಾಲು ಇತ್ತು, ಇನ್ನೊಮ್ಮೆ ನನಗೇ ಪುರುಸೊತ್ತಿರಲಿಲ್ಲ. ಬೋರ್ಡೋ ಬಿಡುವ ಕೆಲಸದವರು ಸಿಕ್ಕುವುದೇ ಕಷ್ಟ, ಸಿಕ್ಕಿದ ದಿನ ಮಳೆ ಬಿಡುವುದಿಲ್ಲ. ಹಗಲು ಓಡಿಸುವ ಗಾಡಿಗೆ ಲೈಟ್ ಎಂತಕ್ಕೆ ಅಂತ ಸುಮ್ಮನಿದ್ದೆ.

ಒಂದು ರಾತ್ರಿ ಹನ್ನೊಂದೂವರೆಗೆ ಪಕ್ಕದ ಮನೆಯ ಭಾವ ಟಾರ್ಚ್ ಹಿಡಿದುಕೊಂಡು ಅಂಗಳಕ್ಕೆ ಬಂದರು.

"ಭಾವಾ, ಅಮ್ಮನಿಗೆ ಉಸಿರು ತೆಗೀಲಿಕ್ಕೆ ಆಗ್ತಾ ಇಲ್ಲ. ಒಂದು ಜೀಪು ಹೊರಡಿಸ್ತೀರಾ?"

ಹೊರಡಿಸಿದೆ. ಧೋ ಅಂತ ಮಳೆ. ಎಡಗಡೆಯ ಒಂದೇ ಲೈಟು, ಅದೂ ಮಂಕು. ಎಂಟು ಕಿಲೋಮೀಟರ್ ಹೋಗಿರಬಹುದು, ಒಂದು ತಿರುವಿನಲ್ಲಿ ಎದುರಿಂದ ಲಾರಿ ಬಂತು. ರಸ್ತೆಯ ನಡುವೆಯೇ ಬರುತ್ತಿದೆ, ಬದಿಗೆ ಸರಿಯುವ ಲಕ್ಷಣವೇ ಇಲ್ಲ. ನಾನು ಎಡಕ್ಕೆ ಎಳೆದೆ. ಎರಡು ಚಕ್ರ ಚರಂಡಿಗೆ ಇಳಿಯಿತು. ಲಾರಿಯ ಡ್ರೈವರ್ ನಿಲ್ಲಿಸಿ ಇಳಿದು ಬಂದ, ಒಳ್ಳೆಯ ಮನುಷ್ಯ. "ಒಂದು ಲೈಟು ಕಂಡಿತು, ಬದಿಯಲ್ಲಿ ಬೈಕ್ ಬರ್ತಾ ಉಂಟು ಅಂತ ಗ್ರಹಿಸಿದೆ ಮಾರಾಯ್ರೆ" ಎಂದ. ಅವನದು ತಪ್ಪಲ್ಲ. ಅವನೂ ಕ್ಲೀನರನೂ ಹಗ್ಗ ಕಟ್ಟಿ ಜೀಪನ್ನು ಮೇಲೆ ಎಳೆದು ಕೊಟ್ಟರು. ಅಷ್ಟರಲ್ಲಿ ನಲವತ್ತು ನಿಮಿಷ ಹೋಯಿತು. ಹಿಂದಿನ ಸೀಟಿನಲ್ಲಿ ಆ ಹಿರಿಯರು ಮಗನ ಹೆಗಲಿಗೆ ಒರಗಿ ಕುಳಿತು ಉಸಿರಿಗೆ ಒದ್ದಾಡುತ್ತಿದ್ದರು.

ಆಸ್ಪತ್ರೆಯಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿದೆ ಎಂದರು. ಆರು ದಿನ ಇದ್ದು ಗುಣವಾಗಿ ಬಂದರು. ಆದರೆ ಆ ರಾತ್ರಿ ಡಾಕ್ಟರು "ಸ್ವಲ್ಪ ಬೇಗ ತರಬಹುದಿತ್ತಲ್ಲ" ಎಂದಾಗ ಭಾವ ನೆಲ ನೋಡಿದರು. ನಾನೂ ಮಾತಾಡಲಿಲ್ಲ.

ಮರುದಿನ ಪೇಟೆಯಿಂದ ಬಲ್ಬು ತಂದು ಅಂಗಳದಲ್ಲೇ ಕುಳಿತು ನಾನೇ ಹಾಕಿದೆ. ಮೊದಲ ಸಲವಾದ್ದರಿಂದ ಮುಕ್ಕಾಲು ಗಂಟೆ ಹಿಡಿಯಿತು. ಈಗ ಹತ್ತು ನಿಮಿಷ ಸಾಕು. ಬಲ್ಬಿಗೆ ಅಂದು ಕೊಟ್ಟದ್ದು 140 ರೂಪಾಯಿ. ಇಷ್ಟು ಸಣ್ಣ ಕೆಲಸಕ್ಕೆ ಹದಿನೈದು ದಿನ ಕಾದೆನಲ್ಲ ಎಂಬುದು ಈಗಲೂ ಚುಚ್ಚುತ್ತದೆ. ನಮ್ಮ ಕಡೆ ಮನೆಮನೆಯಲ್ಲಿ ಜೀಪು, ಪಿಕಪ್ಪು, ಹಳೇ ಮಾರುತಿ ಉಂಟು. ಪಂಪಿನ ಫೂಟ್ ವಾಲ್ವ್ ಬಿಚ್ಚುವ ನಾವು ಒಂದು ಬಲ್ಬಿಗೆ ಗ್ಯಾರೇಜು ಕಾಯಬೇಕಾಗಿಲ್ಲ. ಆಮೇಲೆ ಈ ವಿಷಯದಲ್ಲಿ ನಾನು ಮಾಡಿ, ಕೆಡಿಸಿ, ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಲ್ಬು ಹೋಗಿದೆಯೋ, ಬೇರೆ ಏನೋ?

ಲೈಟ್ ಉರಿಯದಿದ್ದರೆ ಕೂಡಲೇ ಬಲ್ಬು ತರಲು ಓಡಬೇಡಿ. ಗಾಡಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಡಿಮ್ ಒಮ್ಮೆ, ಬ್ರೈಟ್ ಒಮ್ಮೆ ಹಾಕಿ ಎರಡೂ ಕಡೆ ನೋಡಿ. ಈ ನಾಲ್ಕು ನೋಟದಲ್ಲಿ ಅರ್ಧ ರೋಗ ತಿಳಿಯುತ್ತದೆ.

ಜೀಪು, ಪಿಕಪ್ಪು, ಹೆಚ್ಚಿನ ಹಳೆಯ ಕಾರುಗಳಲ್ಲಿ ಇರುವುದು ಎಚ್4 ಎಂಬ ಹ್ಯಾಲೊಜೆನ್ ಬಲ್ಬು. ಒಂದೇ ಗಾಜಿನೊಳಗೆ ಎರಡು ಫಿಲಮೆಂಟ್, ಡಿಮ್ಮಿಗೆ ಒಂದು, ಬ್ರೈಟಿಗೆ ಒಂದು. ಹಿಂದೆ ಮೂರು ಕಾಲು. ಎರಡು ಕಾಲು ಎರಡು ಫಿಲಮೆಂಟಿಗೆ, ಮೂರನೆಯದು ಇಬ್ಬರಿಗೂ ಸೇರಿದ ಅರ್ಥ್. ಒಂದು ಕಡೆ ಡಿಮ್ ಮಾತ್ರ ಹೋಗಿ ಬ್ರೈಟ್ ಉರಿಯುತ್ತಿದ್ದರೆ ಹೆಚ್ಚಾಗಿ ಬಲ್ಬೇ ಹೋದದ್ದು. ರಾತ್ರಿ ಓಡಾಟದಲ್ಲಿ ನಾವು ಡಿಮ್ಮನ್ನೇ ಜಾಸ್ತಿ ಬಳಸುವುದರಿಂದ ಮೊದಲು ಸಾಯುವುದೂ ಅದೇ.

ಎರಡೂ ಕಡೆ ಒಟ್ಟಿಗೇ ಡಿಮ್ ಹೋಯಿತು ಎಂದಾದರೆ ಫ್ಯೂಸ್, ಡಿಮ್-ಬ್ರೈಟ್ ಸ್ವಿಚ್ಚು, ರಿಲೇ ಇವುಗಳ ಮೇಲೆ ಸಂಶಯ ಪಡಬೇಕು. ಎರಡು ಬಲ್ಬು ಒಂದೇ ಗಳಿಗೆಯಲ್ಲಿ ಸಾಯುವುದು ಅಪರೂಪ. ಹಾಗೆಯೇ ಒಂದೇ ಕಡೆಯಲ್ಲಿ ಡಿಮ್, ಬ್ರೈಟ್ ಎರಡೂ ಇಲ್ಲವೆಂದರೆ ಆ ಕಡೆಯ ಕಪ್ಲರ್ ಅಥವಾ ಅರ್ಥ್ ವಯರ್ ನೋಡಿ. ಇನ್ನೊಂದು ವಿಚಿತ್ರ ಲಕ್ಷಣ ಉಂಟು. ಡಿಮ್ ಹಾಕಿದಾಗ ಒಂದು ಬಲ್ಬು ಕೆಂಪಗೆ ಮಿಣಮಿಣ ಅನ್ನುತ್ತದೆ, ಜೊತೆಗೆ ಮೀಟರಿನಲ್ಲಿ ಬ್ರೈಟಿನ ನೀಲಿ ದೀಪವೂ ಸಣ್ಣಗೆ ಕಾಣುತ್ತದೆ. ಇದು ಖಂಡಿತ ಅರ್ಥ್ ತಪ್ಪಿದ್ದು. ಭೂಮಿಗೆ ಇಳಿಯಲು ದಾರಿ ಸಿಗದ ಕರೆಂಟು ಮತ್ತೊಂದು ಫಿಲಮೆಂಟಿನ ಮೂಲಕ ಸುತ್ತಿ ಹೋಗಲು ನೋಡುತ್ತದೆ. ಇದಕ್ಕೆ ಹೊಸ ಬಲ್ಬು ಹಾಕಿ ನಾನು ದುಡ್ಡು ಹಾಳು ಮಾಡಿದ್ದೇನೆ.

ಬಲ್ಬನ್ನು ಹೊರತೆಗೆದ ಮೇಲೆ ಗಾಜನ್ನು ನೋಡಿದರೂ ಕೆಲವು ಸಂಗತಿ ತಿಳಿಯುತ್ತದೆ. ಒಳಗೆ ಕಪ್ಪು ಹಿಡಿದಿದ್ದರೆ ಆಯುಷ್ಯ ಮುಗಿದದ್ದು. ಮಜ್ಜಿಗೆಯಂತೆ ಬಿಳಿ ಹೊಗೆ ಕೂತಿದ್ದರೆ ಎಲ್ಲೋ ಬಿರುಕು ಬಿಟ್ಟು ಗಾಳಿ ಹೊಕ್ಕಿದೆ. ಗಾಜಿನ ಮೇಲೆ ಗುಳ್ಳೆ ಎದ್ದಿದ್ದರೆ ಹಾಕಿದವರ ಬೆರಳು ತಾಗಿರಬೇಕು, ಅದನ್ನು ಮುಂದೆ ಹೇಳುತ್ತೇನೆ. ಮಲ್ಟಿಮೀಟರ್ ಇದ್ದವರು ಕಾಲುಗಳ ನಡುವೆ ರೋಧ ನೋಡಬಹುದು. ತಣ್ಣಗಿರುವ ಒಳ್ಳೆಯ ಫಿಲಮೆಂಟ್ ಒಂದು ಓಮ್‌ಗಿಂತ ಕಡಿಮೆ ತೋರಿಸುತ್ತದೆ. ಸೊನ್ನೆ ಹತ್ತಿರ ಬಂತು, ಶಾರ್ಟ್ ಆಗಿದೆ ಅಂತ ಹೆದರಬೇಕಾಗಿಲ್ಲ.

ಅಂಗಡಿಯಲ್ಲಿ ಕೇಳುವ ಕ್ರಮ

ಹಳೆಯ ಬಲ್ಬನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗುವುದು ಒಳ್ಳೆಯದು. ಅದರ ಬುಡದ ತಗಡಿನ ಮೇಲೆ "ಎಚ್4, 12 ವೋಲ್ಟ್, 60/55 ವ್ಯಾಟ್" ಅಂತ ಅಚ್ಚೊತ್ತಿರುತ್ತದೆ. 60 ಬ್ರೈಟಿಗೆ, 55 ಡಿಮ್ಮಿಗೆ. ಲಾರಿಗಳ ಬಲ್ಬೂ ನೋಡಲಿಕ್ಕೆ ಇದೇ ತರ, ಆದರೆ ಅದು 24 ವೋಲ್ಟಿನ 75/70 ವ್ಯಾಟಿನದ್ದು. ಗಡಿಬಿಡಿಯಲ್ಲಿ ಅಂಗಡಿಯವರು ಅದನ್ನು ಕೊಟ್ಟರೆ ಜೀಪಿನಲ್ಲಿ ಚಿಮಿಣಿ ದೀಪದಷ್ಟು ಬೆಳಕು ಬಂದೀತು. ಹೊಸ ಕಾರುಗಳಲ್ಲಿ ಡಿಮ್ಮಿಗೆ ಬೇರೆ, ಬ್ರೈಟಿಗೆ ಬೇರೆ ಬಲ್ಬು, ನಂಬರೂ ಬೇರೆ. ಕೆಲವಕ್ಕೆ ಬಲ್ಬೇ ಇಲ್ಲ, ಇಡೀ ಲೈಟೇ ಎಲ್‌ಇಡಿ. ಅಂಥವಕ್ಕೆ ಈ ಲೇಖನ ಪ್ರಯೋಜನಕ್ಕಿಲ್ಲ.

ಎರಡು ಬಲ್ಬು ತನ್ನಿ. ಎಡದ್ದೂ ಬಲದ್ದೂ ಒಂದೇ ದಿನ ಹಾಕಿದ್ದಾದರೆ ಒಂದು ಹೋದ ಮೇಲೆ ಇನ್ನೊಂದೂ ಹೆಚ್ಚು ದಿನ ಬಾಳುವುದಿಲ್ಲ.

ಪೇಟೆ ದೂರ, ಬಲ್ಬು ಸಿಕ್ಕಲಿಲ್ಲ, ರಾತ್ರಿ ಹೋಗಲೇಬೇಕು ಎಂಬ ಸಂದರ್ಭವೂ ಬರುತ್ತದೆ. ಆಗ ಉರಿಯುವ ಬಲ್ಬನ್ನು ಬಲಗಡೆಗೆ ಹಾಕಿಕೊಳ್ಳಿ. ನಮ್ಮಲ್ಲಿ ಎಡಬದಿಯ ಓಡಾಟ. ಎದುರಿನವನ ಹತ್ತಿರಕ್ಕೆ ಬರುವುದು ನಮ್ಮ ಗಾಡಿಯ ಬಲಭಾಗ. ಬಲಗಡೆ ಕತ್ತಲಾಗಿ ಎಡಗಡೆ ಮಾತ್ರ ಉರಿದರೆ ಗಾಡಿಯ ಅಗಲ ಅವನಿಗೆ ಕಾಣುವುದಿಲ್ಲ. ಆ ರಾತ್ರಿ ಲಾರಿಯವನಿಗೆ ಆದದ್ದು ಇದೇ. ಹತ್ತು ನಿಮಿಷದ ಈ ಅದಲುಬದಲು ನನಗೆ ಮೊದಲೇ ಗೊತ್ತಿದ್ದರೆ ಚರಂಡಿಗೆ ಇಳಿಯುವ ಪ್ರಸಂಗ ಬರುತ್ತಿರಲಿಲ್ಲವೋ ಏನೋ. ಆದರೆ ಇದು ಆ ಒಂದು ಹೊತ್ತಿನ ಉಪಾಯ, ಹಾಗೆಯೇ ತಿಂಗಳು ಓಡಿಸುವುದಕ್ಕಲ್ಲ.

ಬಿಚ್ಚುವುದು, ಹಾಕುವುದು

ಲೈಟ್ ಆರಿಸಿ, ಕೀ ತೆಗೆದು, ಕಾಲು ಗಂಟೆ ಬಿಡಿ. ಉರಿಯುತ್ತಿದ್ದ ಬಲ್ಬು ಮುಟ್ಟಿದರೆ ಚರ್ಮ ಕಿತ್ತು ಬರುತ್ತದೆ. ಜೊತೆಗೆ ಹ್ಯಾಲೊಜೆನ್ ಬಲ್ಬಿನೊಳಗೆ ಗಾಳಿ ಒತ್ತಡದಲ್ಲಿರುತ್ತದೆ, ಬಿದ್ದರೆ ಸಿಡಿಯುತ್ತದೆ. ಕನ್ನಡಕ ಇದ್ದರೆ ಹಾಕಿಕೊಳ್ಳಿ. ನೆಲಕ್ಕೆ ಒಂದು ಗೋಣಿ ಹಾಸಿಕೊಂಡರೆ ಕೆಳಗೆ ಬಿದ್ದ ಸ್ಕ್ರೂ ಹುಡುಕಲೂ ಸುಲಭ.

ದುಂಡಗಿನ ಏಳಿಂಚಿನ ಲೈಟ್ ಇರುವ ಜೀಪಿನಲ್ಲಿ ಮುಂದಿನಿಂದಲೇ ಬಿಚ್ಚಬೇಕು. ಮೊದಲು ಹೊರಗಿನ ರಿಂಗ್ ತೆಗೆಯಿರಿ. ಅದರೊಳಗೆ ಗಾಜನ್ನು ಹಿಡಿದ ಇನ್ನೊಂದು ತೆಳು ರಿಂಗ್, ಅದಕ್ಕೆ ಮೂರು ಸಣ್ಣ ಸ್ಕ್ರೂ. ಇಲ್ಲೇ ಹೆಚ್ಚಿನವರು ಎಡವುವುದು. ಈ ಮೂರರ ಹತ್ತಿರವೇ ದೊಡ್ಡ ತಲೆಯ ಬೇರೆ ಎರಡು ಸ್ಕ್ರೂ ಇರುತ್ತದೆ, ಒಂದು ಮೇಲೆ, ಒಂದು ಪಕ್ಕದಲ್ಲಿ, ಹಿಂದೆ ಸ್ಪ್ರಿಂಗ್. ಅವು ಲೈಟನ್ನು ಮೇಲೆ ಕೆಳಗೆ, ಅತ್ತ ಇತ್ತ ತಿರುಗಿಸುವಂಥವು. ಅವನ್ನು ಮುಟ್ಟಬೇಡಿ. ನಾನು ಮೊದಲ ದಿನ ಅವನ್ನೇ ಸಡಿಲಿಸಿದೆ. ಲೈಟ್ ಬಿಚ್ಚಿ ಬರಲಿಲ್ಲ, ರಾತ್ರಿ ನೋಡಿದರೆ ಬೆಳಕು ಅಡಿಕೆ ಮರದ ಕೊನೆಗೆ ಬೀಳುತ್ತಿತ್ತು!

ಸ್ಕ್ರೂ ತುಕ್ಕು ಹಿಡಿದಿದ್ದರೆ ಬಲ ಹಾಕಿದಷ್ಟೂ ತಲೆ ಸವೆಯುತ್ತದೆ. ಹಿಂದಿನ ರಾತ್ರಿಯೇ ಒಂದೆರಡು ಹನಿ ಡೀಸೆಲ್ ಬಿಟ್ಟಿಡಿ. ಮೂರು ಸ್ಕ್ರೂ ತೆಗೆದರೆ ರಿಂಗ್ ಬರುತ್ತದೆ, ಗಾಜಿನ ಭಾಗ ನಿಮ್ಮ ಕೈಗೆ ಬರುತ್ತದೆ. ಹಿಂದೆ ವಯರಿನ ಕಪ್ಲರ್ ನೇತಾಡುತ್ತಿರುತ್ತದೆ. ವಯರ್ ಹಿಡಿದು ಎಳೆಯಬಾರದು, ಕಪ್ಲರಿನ ಮೈ ಹಿಡಿದು ಆಚೀಚೆ ಅಲ್ಲಾಡಿಸುತ್ತ ಕೀಳಬೇಕು.

ಮಾರುತಿ 800ರಂಥ ಕಾರುಗಳಲ್ಲಿ ಇಷ್ಟೆಲ್ಲ ಇಲ್ಲ. ಬಾನೆಟ್ ಎತ್ತಿ ಹಿಂದಿನಿಂದ ಕೈ ಹಾಕಿದರೆ ಕಪ್ಲರ್ ಸಿಗುತ್ತದೆ. ಕೆಲವು ಗಾಡಿಯಲ್ಲಿ ಬ್ಯಾಟರಿಯೋ ಏರ್ ಫಿಲ್ಟರೋ ಅಡ್ಡ ಬಂದು ಕೈ ಹೋಗುವುದಿಲ್ಲ. ಅಂಥಲ್ಲಿ ಅದನ್ನು ಮೊದಲು ಸರಿಸಿಕೊಳ್ಳುವುದೇ ಹತ್ತಿರದ ದಾರಿ. ಕಾಣದೆ ತಡಕಾಡಿದರೆ ಕ್ಲಿಪ್ ಮುರಿಯುವುದು ಖಂಡಿತ.

ಕಪ್ಲರ್ ಬಿಚ್ಚಿದ ಮೇಲೆ ರಬ್ಬರಿನ ಟೋಪಿ, ಅದರ ಕೆಳಗೆ ತಂತಿಯ ಸ್ಪ್ರಿಂಗ್ ಕ್ಲಿಪ್. ಕ್ಲಿಪ್ಪನ್ನು ಒತ್ತಿ ಪಕ್ಕಕ್ಕೆ ಸರಿಸಿದರೆ ಬಿಟ್ಟುಕೊಳ್ಳುತ್ತದೆ. ಅದು ಹೇಗೆ ಕೂತಿತ್ತು ಎಂಬುದನ್ನು ಬಿಚ್ಚುವ ಮೊದಲೇ ಗಮನವಿಟ್ಟು ನೋಡಿ. ಈಗ ಎಲ್ಲರ ಕಿಸೆಯಲ್ಲೂ ಕೆಮರಾ ಇರುವ ಫೋನುಂಟು, ಒಂದು ಫೋಟೋ ತೆಗೆದಿಡುವುದು ಇನ್ನೂ ಒಳ್ಳೆಯದು.

ಹೊಸ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಇದು ಮೆಕ್ಯಾನಿಕರ ಮಡಿ-ಮೈಲಿಗೆ ಅಂತ ನಾನು ನಗಾಡುತ್ತಿದ್ದೆ. ಕಾರಣ ತಿಳಿದ ಮೇಲೆ ನಗುವುದನ್ನು ಬಿಟ್ಟೆ. ಸಾಮಾನ್ಯ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತಿ ಕಾದು ಆವಿಯಾಗಿ ಗಾಜಿಗೆ ಕೂರುತ್ತದೆ, ಬಲ್ಬು ಕಪ್ಪಾಗುತ್ತದೆ. ಹ್ಯಾಲೊಜೆನ್ ಬಲ್ಬಿನೊಳಗೆ ಅಯೋಡಿನ್, ಬ್ರೋಮಿನ್ ಜಾತಿಯ ಅನಿಲ ಇರುತ್ತದೆ. ಅದು ಆ ಆವಿಯನ್ನು ಗಾಜಿನಲ್ಲಿ ಕೂರಲು ಬಿಡದೆ ಮತ್ತೆ ತಂತಿಗೇ ಮುಟ್ಟಿಸುತ್ತದೆ. ಈ ಕೆಲಸ ನಡೆಯಬೇಕಾದರೆ ಗಾಜು ತುಂಬ ಬಿಸಿ ಇರಬೇಕು, 250 ಡಿಗ್ರಿಗೂ ಹೆಚ್ಚು. ಅದಕ್ಕಾಗಿಯೇ ಬಲ್ಬು ಅಷ್ಟು ಸಣ್ಣದು, ಗಾಜೂ ಸ್ಫಟಿಕದ ಜಾತಿಯದ್ದು. ಅಷ್ಟು ಬಿಸಿಯಲ್ಲಿ ನಮ್ಮ ಬೆರಳಿನ ಜಿಡ್ಡು, ಬೆವರಿನ ಉಪ್ಪು ಗಾಜಿಗೆ ಸುಟ್ಟು ಹಿಡಿದು ಆ ಜಾಗ ಮಾತ್ರ ಕೆಡುತ್ತದೆ. ಗುಳ್ಳೆ ಏಳುವುದು, ಬಿರುಕು ಬಿಡುವುದು ಅದರಿಂದ. ಇನ್ನು ಬೋರ್ಡೋ ದ್ರಾವಣದ ಕೈ, ಗ್ರೀಸಿನ ಕೈ ಆದರೆ ಕೇಳಲೇ ಬೇಡ.

ಹಾಗಾಗಿ ಲೋಹದ ಬುಡವನ್ನೇ ಹಿಡಿಯಿರಿ, ಇಲ್ಲವೇ ಬಲ್ಬು ಬಂದ ಪೊಟ್ಟಣದ ಕಾಗದದಲ್ಲಿ ಸುತ್ತಿ ಹಿಡಿಯಿರಿ. ಮುಟ್ಟಿಹೋಯಿತು ಎಂದಾದರೆ ಔಷಧದಂಗಡಿಯ ಸ್ಪಿರಿಟ್ಟನ್ನು ಹತ್ತಿಗೆ ಅದ್ದಿ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಕೊರೋನಾ ಕಾಲದ ಸ್ಯಾನಿಟೈಸರ್ ಮನೆಯಲ್ಲಿ ಉಳಿದಿದ್ದರೆ ಅದು ಬೇಡ, ಗ್ಲಿಸರಿನ್ ಜಾತಿಯ ಜಿಡ್ಡು ಅದರಲ್ಲಿ ಸೇರಿರುವುದುಂಟು.

ಬಲ್ಬಿನ ಬುಡದ ತಗಡಿನಲ್ಲಿ ಮೂರು ಕಿವಿ ಇವೆ. ಅದರಲ್ಲಿ ಒಂದು ಅಗಲ. ಅಗಲದ್ದು ಮೇಲಕ್ಕೆ ಬರಬೇಕು. ಹಾಗಾದರೆ ಮಾತ್ರ ಬಲ್ಬು ಸರಿಯಾಗಿ ಕೂರುತ್ತದೆ. ಕೂರದಿದ್ದರೆ ತಿರುಗಿಸಿ ನೋಡಿ, ಒತ್ತಿ ತುರುಕಬೇಡಿ. ಇದಕ್ಕೂ ಅರ್ಥ ಉಂಟು. ಡಿಮ್ ಫಿಲಮೆಂಟಿನ ಅಡಿಗೆ ಚಮಚದಂಥ ಸಣ್ಣ ತಗಡು ಇದೆ. ಕೆಳಮುಖವಾದ ಬೆಳಕನ್ನು ಅದು ತಡೆಯುವುದರಿಂದಲೇ ಎದುರಿನವರ ಕಣ್ಣಿಗೆ ಬೆಳಕು ಏರುವುದಿಲ್ಲ. ಬಲ್ಬು ಓರೆ ಕೂತರೆ ಆ ಲೆಕ್ಕವೆಲ್ಲ ತಪ್ಪುತ್ತದೆ.

ಕ್ಲಿಪ್ ಸಿಕ್ಕಿಸಿ, ರಬ್ಬರ್ ಟೋಪಿ ಹಾಕಿ, ಕಪ್ಲರ್ ಒತ್ತಿ. ರಿಂಗ್ ಬಿಗಿಯುವ ಮೊದಲು ಒಮ್ಮೆ ಲೈಟ್ ಹಾಕಿ ನೋಡಿ.

ರಬ್ಬರ್ ಟೋಪಿಯನ್ನು ಸಸಾರ ಮಾಡಬೇಡಿ. ಗ್ಯಾರೇಜಿನಲ್ಲೂ ಎಷ್ಟೋ ಸಲ ಅದನ್ನು ಬಿಸಾಡಿ ಬಿಡುತ್ತಾರೆ. ಟೋಪಿ ಹರಿದಿದ್ದರೆ ನಮ್ಮ ಮಳೆಗಾಲದಲ್ಲಿ ಲೈಟಿನೊಳಗೆ ನೀರು ಕೂರುತ್ತದೆ, ಒಂದೆರಡು ವರ್ಷದಲ್ಲಿ ಒಳಗಿನ ಕನ್ನಡಿ ಕಪ್ಪಾಗಿ ಸಿಪ್ಪೆ ಏಳುತ್ತದೆ. ಕನ್ನಡಿ ಹೋದ ಮೇಲೆ ಎಂಥ ಬಲ್ಬು ಹಾಕಿದರೂ ಬೆಳಕಿಲ್ಲ. ನೀರು ಮಾತ್ರವಲ್ಲ, ನಮ್ಮ ಎಡಗಡೆ ಲೈಟಿನೊಳಗೆ ಒಮ್ಮೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಶೆಡ್ಡಿನಲ್ಲಿ ನಿಲ್ಲಿಸುವ ಗಾಡಿಯ ವಯರನ್ನು ಇಲಿ ಕಡಿಯುವುದಂತೂ ಎಲ್ಲರಿಗೂ ಗೊತ್ತು. ಬಿಚ್ಚಿದಾಗ ಒಮ್ಮೆ ಹಿಂದಿನ ವಯರನ್ನೂ ನೋಡಿಬಿಡಿ.

ಹಳೇ ಜೀಪು ಇರುವವರಿಗೆ ಒಂದು ಮಾತು. ಕೆಲವದರಲ್ಲಿ ಇನ್ನೂ ಸೀಲ್ಡ್ ಬೀಮ್ ಇರಬಹುದು. ಅದರಲ್ಲಿ ಗಾಜು, ಕನ್ನಡಿ, ಫಿಲಮೆಂಟ್ ಎಲ್ಲ ಒಂದೇ ಗಡ್ಡೆ. ಅಮೆರಿಕದಲ್ಲಿ 1940ರಿಂದ ಎಲ್ಲ ಕಾರಿಗೂ ಅದೇ ಬೇಕೆಂದು ಮಾಡಿದ್ದರು, ಜೀಪಿನ ಜೊತೆ ನಮ್ಮಲ್ಲಿಗೂ ಬಂತು. ಫಿಲಮೆಂಟ್ ಹೋದರೆ ಇಡೀ ಗಡ್ಡೆ ಬದಲಿಸಬೇಕು. ಯುರೋಪಿನಲ್ಲಿ ಗಾಡಿಗೆ ಹ್ಯಾಲೊಜೆನ್ ಬಲ್ಬು ಬಂದದ್ದು 1962ರಲ್ಲಿ, ಎರಡು ಫಿಲಮೆಂಟಿನ ಎಚ್4 1971ರಲ್ಲಿ. ಏಳಿಂಚಿನ ಸೀಲ್ಡ್ ಬೀಮ್ ಇದ್ದಲ್ಲಿಗೆ ಎಚ್4 ಬಲ್ಬು ಹಾಕುವ ಅದೇ ಅಳತೆಯ ಲೈಟ್ ಕೂರುತ್ತದೆ. ನನ್ನದರಲ್ಲಿ ಹಿಂದಿನ ಯಜಮಾನರೇ ಹಾಗೆ ಮಾಡಿಸಿದ್ದರು.

ಮಂಕು ಬೆಳಕಿನ ಬೆನ್ನು ಹತ್ತಿ

ಹೊಸ ಬಲ್ಬು ಹಾಕಿಯೂ ನನ್ನ ಜೀಪಿನ ಬೆಳಕು ಸಾಲುತ್ತಿರಲಿಲ್ಲ. ಯಾರೋ 100/90 ವ್ಯಾಟಿನ ಬಲ್ಬು ಹಾಕಿ ಎಂದರು. ಹಾಕಿದೆ. ಮೊದಲ ವಾರ ಹಗಲಿನಂಥ ಬೆಳಕು. ಎರಡನೇ ವಾರ ಸುಟ್ಟ ವಾಸನೆ ಬಂತು. ಬಿಚ್ಚಿ ನೋಡಿದರೆ ಕಪ್ಲರ್ ಕರಗಿ ಬಲ್ಬಿನ ಕಾಲಿಗೆ ಬೆಲ್ಲದ ಪಾಕದಂತೆ ಹಿಡಿದಿತ್ತು.

ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯವಿಲ್ಲ. 12 ವೋಲ್ಟಿನಲ್ಲಿ 60 ವ್ಯಾಟಿನ ಬಲ್ಬು 5 ಆಂಪಿಯರ್ ಎಳೆಯುತ್ತದೆ, ಎರಡು ಸೇರಿ 10. ನೂರು ವ್ಯಾಟಿನ ಎರಡು ಬಲ್ಬು 16 ಆಂಪಿಯರಿಗೂ ಮೇಲೆ. ಗಾಡಿ ಕಟ್ಟಿದವರು ವಯರು, ಸ್ವಿಚ್ಚು, ಕಪ್ಲರ್ ಎಲ್ಲವನ್ನೂ ಇಟ್ಟದ್ದು ಹತ್ತಕ್ಕೆ. ಅರ್ಧ ಎಚ್‌ಪಿ ಪಂಪಿನ ವಯರಿಗೆ ಮೂರು ಎಚ್‌ಪಿ ಕಟ್ಟಿದ ಹಾಗೆ. ನಮ್ಮಲ್ಲಿ ಎಷ್ಟೋ ಗಾಡಿಗಳಿಗೆ ಬೆಂಕಿ ಹಿಡಿಯುವುದು ಇಂಥ ತೇಪೆ ಕೆಲಸಗಳಿಂದಲೇ ಎಂದು ನನ್ನ ಗುಮಾನಿ. ಜೊತೆಗೆ ರಸ್ತೆಗೆ ಒಪ್ಪಿದ ಬಲ್ಬೂ ಅದಲ್ಲ, ಎದುರಿನವನಿಗೆ ಕಣ್ಣು ಕತ್ತಲೆ.

ನಿಜವಾದ ರೋಗ ಬೇರೆಯೇ ಇತ್ತು. ಐಟಿಐ ಕಲಿತ ನೆಂಟರ ಹುಡುಗನೊಬ್ಬ ಮಲ್ಟಿಮೀಟರ್ ತಂದು ಎಂಜಿನ್ ಓಡಿಸಿ, ಲೈಟ್ ಉರಿಯುತ್ತಿರುವಾಗಲೇ ಅಳೆದ. ಬ್ಯಾಟರಿಯಲ್ಲಿ 13.8 ವೋಲ್ಟ್. ಬಲ್ಬಿನ ಕಾಲಿನಲ್ಲಿ 11.6. ನಡುವೆ ಎರಡು ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಸೋರುತ್ತಿತ್ತು. "ಎರಡೇ ವೋಲ್ಟಲ್ಲವಾ" ಎಂದೆ. ಫಿಲಮೆಂಟ್ ಬಲ್ಬಿನಲ್ಲಿ ಹಾಗಲ್ಲವಂತೆ. ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತು ಇಳಿಯುತ್ತದೆ. ನನ್ನ ಜೀಪಿನಲ್ಲಿ ಬೆಳಕು ಹತ್ತಿರ ಹತ್ತಿರ ಅರ್ಧಕ್ಕೆ ಬಂದಿತ್ತು. ಪೈಪಿನಲ್ಲಿ ಸೋರಿಕೆ ಇಟ್ಟುಕೊಂಡು ದೊಡ್ಡ ಪಂಪು ತಂದದ್ದು ನಾನು.

ಸೋರಿಕೆ ಸಿಕ್ಕಿದ್ದು ಅರ್ಥ್ ವಯರಿನಲ್ಲಿ. ಲೈಟಿನ ಹಿಂದಿನಿಂದ ಬಂದ ಕಪ್ಪು ವಯರನ್ನು ಮಡ್‌ಗಾರ್ಡಿನ ತಗಡಿಗೆ ಒಂದು ಸ್ಕ್ರೂವಿನಲ್ಲಿ ಬಿಗಿದಿದ್ದರು. ತಗಡು, ಸ್ಕ್ರೂ, ವಯರಿನ ತುದಿ ಮೂರೂ ತುಕ್ಕು. ಬಿಚ್ಚಿ ಮರಳು ಕಾಗದದಲ್ಲಿ ತಗಡಿನ ಹೊಳಪು ಕಾಣುವವರೆಗೆ ಉಜ್ಜಿ, ವಯರಿಗೆ ಹೊಸ ತುದಿ ಹಾಕಿ ಬಿಗಿದು, ಮೇಲಿಂದ ವ್ಯಾಸಲೀನ್ ಸವರಿದೆವು. ಮತ್ತೆ ಅಳೆದಾಗ 13.1 ಬಂತು. ಖರ್ಚು ಹತ್ತು ರೂಪಾಯಿಯೂ ಇಲ್ಲ. ಹಳೇ 60/55 ಬಲ್ಬನ್ನೇ ತಿರುಗಿ ಹಾಕಿದೆ, ಅದೇ ಇವತ್ತಿಗೂ ಸಾಕಾಗುತ್ತದೆ. ಇನ್ನೂ ಬೇಕೆನ್ನುವವರು ಒಳ್ಳೆಯ ಎಲೆಕ್ಟ್ರಿಶಿಯನ್ ಹತ್ತಿರ ಡಿಮ್ಮಿಗೊಂದು, ಬ್ರೈಟಿಗೊಂದು ರಿಲೇ ಹಾಕಿಸಿ, ಬ್ಯಾಟರಿಯಿಂದ ನೇರ ದಪ್ಪ ವಯರು ಫ್ಯೂಸಿನ ಮೂಲಕ ಎಳೆಸಬಹುದು. ಸ್ವಿಚ್ಚಿಗೂ ಆಯುಷ್ಯ ಬರುತ್ತದೆ.

ಇದರ ತದ್ವಿರುದ್ಧ ತೊಂದರೆಯೂ ಉಂಟು. ಬಲ್ಬು ಎರಡು ಮೂರು ತಿಂಗಳಿಗೊಮ್ಮೆ ಹೋಗುತ್ತಿದ್ದರೆ ಎಂಜಿನ್ ಓಡುವಾಗ ಬ್ಯಾಟರಿಯ ವೋಲ್ಟೇಜ್ ನೋಡಿ. ಹದಿಮೂರೂವರೆಯಿಂದ ಹದಿನಾಲ್ಕೂವರೆಯ ಒಳಗೆ ಇರಬೇಕು. ಹದಿನೈದು ದಾಟಿದರೆ ಆಲ್ಟರ್ನೇಟರಿನ ರೆಗ್ಯುಲೇಟರ್ ಕೆಟ್ಟಿದೆ. ವೋಲ್ಟೇಜ್ ನೂರಕ್ಕೆ ಐದು ಏರಿದರೂ ಬಲ್ಬಿನ ಆಯುಷ್ಯ ಅರ್ಧವಾಗುತ್ತದೆ. ಬ್ಯಾಟರಿಯ ನೀರೂ ಬೇಗ ಒಣಗುತ್ತದೆ.

ಈಗ ಎಲ್ಲೆಲ್ಲೂ ಎಚ್4 ಜಾಗಕ್ಕೆ ಹಾಕುವ ಎಲ್‌ಇಡಿ ಬಲ್ಬು ಮಾರುತ್ತಾರೆ. ಕರೆಂಟು ಕಡಿಮೆ ಎಂಬುದು ನಿಜ. ಆದರೆ ನಮ್ಮ ಲೈಟಿನ ಕನ್ನಡಿಯನ್ನು ಕೂಡಿಸಿದ್ದು ಫಿಲಮೆಂಟ್ ಇರುವ ಆ ಕೆಲವು ಮಿಲಿಮೀಟರ್ ಜಾಗಕ್ಕೆ. ಅಲ್ಲಿಂದ ಬಾರದ ಬೆಳಕು ಚೆಲ್ಲಾಪಿಲ್ಲಿಯಾಗುತ್ತದೆ. ನಮಗೆ ಬಿಳಿ ಕಾಣುತ್ತದೆ, ದೂರಕ್ಕೆ ಹೋಗುವುದಿಲ್ಲ, ಎದುರಿನ ಬೈಕಿನವನು ಕಣ್ಣು ಮುಚ್ಚುತ್ತಾನೆ. ನೆರೆಯ ಒಬ್ಬರ ಪಿಕಪ್ಪಿನಲ್ಲಿ ಕೂತು ನೋಡಿದೆ, ಮಂಜು ಇಳಿದ ರಾತ್ರಿ ಕಣ್ಣೆದುರು ಬಿಳಿ ಪಂಚೆ ಕಟ್ಟಿದ ಹಾಗೆ. ಹಿಂದಿನ ಫ್ಯಾನು ಅಡ್ಡವೆಂದು ಅವರು ರಬ್ಬರ್ ಟೋಪಿಯನ್ನೂ ಕತ್ತರಿಸಿ ಬಿಟ್ಟಿದ್ದರು.

ಅಡಿಕೆ ಅಂಗಳದಲ್ಲಿ ಅಳತೆ

ಬಲ್ಬು ಹಾಕಿದಷ್ಟಕ್ಕೆ ಮುಗಿಯಲಿಲ್ಲ, ಬೆಳಕು ಎಲ್ಲಿ ಬೀಳುತ್ತದೆ ನೋಡಬೇಕು. ಇದಕ್ಕೆ ಅಡಿಕೆ ಒಣಗಿಸುವ ಅಂಗಳದಷ್ಟು ಒಳ್ಳೆಯ ಜಾಗ ಗ್ಯಾರೇಜಿನಲ್ಲೂ ಇಲ್ಲ. ಟಯರಿಗೆ ಸರಿಯಾದ ಗಾಳಿ ಇರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂರಲಿ. ಗೋಡೆಗೆ ನೇರ ಎದುರಾಗಿ, ಲೈಟಿನಿಂದ ಗೋಡೆಗೆ 25 ಅಡಿ ಬರುವಂತೆ ನಿಲ್ಲಿಸಿ.

ಅಂಗಳಕ್ಕೆ ನೀರು ಹರಿಯಲು ಸ್ವಲ್ಪ ಇಳುಕಲು ಕೊಟ್ಟಿರುತ್ತೇವೆ, ಅದು ಕಣ್ಣಿಗೆ ಕಾಣುವುದಿಲ್ಲ. ನಾನು ತೋಟದ ಕಣಿಗೆ ಬಳಸುವ ನೀರಿನ ಟ್ಯೂಬನ್ನೇ ತಂದೆ. ಮೊದಲು ಮುಂದಿನ, ಹಿಂದಿನ ಚಕ್ರದ ಬುಡ ಒಂದೇ ಮಟ್ಟವೋ ನೋಡಿ. ವ್ಯತ್ಯಾಸ ಇದ್ದರೆ ತಗ್ಗಿನ ಕಡೆಯ ಎರಡು ಚಕ್ರಕ್ಕೂ ಹಲಗೆ ಕೊಡಿ. ಆಮೇಲೆ ಟ್ಯೂಬಿನ ಒಂದು ತುದಿಯ ನೀರನ್ನು ಹೆಡ್‌ಲೈಟಿನ ನಟ್ಟನಡುವಿನ ಮಟ್ಟಕ್ಕೆ ಹಿಡಿದು, ಇನ್ನೊಂದು ತುದಿಯಲ್ಲಿ ನೀರು ನಿಂತಲ್ಲಿ ಗೋಡೆಗೆ ಗೆರೆ ಎಳೆಯಿರಿ. ಆ ಗೆರೆಗಿಂತ 3 ಇಂಚು ಕೆಳಗೆ ಇನ್ನೊಂದು ಗೆರೆ. ಡಿಮ್ ಹಾಕಿದಾಗ ಬೆಳಕಿನ ಮೇಲಂಚು ಈ ಕೆಳಗಿನ ಗೆರೆಗೆ ಬರಬೇಕು. ನೂರು ಅಡಿಗೆ ಒಂದು ಅಡಿ ಇಳುಕಲು ಅಂತ ಲೆಕ್ಕ. ಸ್ವಲ್ಪ ಕೆಳಗಾದರೆ ಚಿಂತಿಲ್ಲ, ಮೇಲೆ ಹೋಗಬಾರದು.

ಒಂದೊಂದೇ ಲೈಟ್ ನೋಡಬೇಕು. ಇನ್ನೊಂದರ ಎದುರು ರಟ್ಟಿನ ತುಂಡು ಅಡ್ಡ ನಿಲ್ಲಿಸಿ. ಗೋಣಿ ಮುಚ್ಚಬೇಡಿ, ಬಿಸಿಗೆ ಹೊಗೆ ಬರುತ್ತದೆ. ಮುಟ್ಟಬಾರದು ಎಂದೆನಲ್ಲ ಆ ಎರಡು ಸ್ಕ್ರೂ, ಅವನ್ನು ಮುಟ್ಟುವ ಹೊತ್ತು ಇದು. ಕಾಲು ಕಾಲು ಸುತ್ತು ತಿರುಗಿಸಿ ನೋಡುತ್ತ ಬನ್ನಿ.

ಗೋಡೆಯಲ್ಲಿ ಬೆಳಕಿನ ಅಂಚು ಬಲಗಡೆ ಸಪಾಟಾಗಿದ್ದು ಎಡಗಡೆಗೆ ಓರೆಯಾಗಿ ಮೇಲೇರಿರುತ್ತದೆ. ಇದು ತಪ್ಪಲ್ಲ. ಬಲದಿಂದ ಬರುವವನ ಕಣ್ಣು ಉಳಿಸಿ, ಎಡಬದಿಯಲ್ಲಿ ನಡೆಯುವವರು, ಮೈಲಿಗಲ್ಲು ನಮಗೆ ಕಾಣಲಿ ಎಂದು ಹಾಗೆ ಮಾಡಿದ್ದು. ಬಲಗಡೆಗೆ ಏರುತ್ತಿದ್ದರೆ ಆ ಲೈಟಿನ ಗಾಜು ಬಲಬದಿ ಓಡಾಟದ ದೇಶದ್ದು. ಅಗ್ಗಕ್ಕೆ ತಂದ ಲೈಟುಗಳಲ್ಲಿ ಹೀಗಿರುವುದನ್ನು ಕಂಡಿದ್ದೇನೆ, ವಾಪಸು ಕೊಡುವುದೇ ಒಳ್ಳೆಯದು.

ಇಷ್ಟೆಲ್ಲ ಮಾಡಿ ಹಿಂದೆ ಐದಾರು ಚೀಲ ಅಡಿಕೆ ಹೇರಿದರೆ ಜೀಪಿನ ಮೂತಿ ಮೇಲಾಗುತ್ತದೆ, ಡಿಮ್ಮಿನ ಬೆಳಕೂ ಎದುರಿನವನ ಮುಖಕ್ಕೆ ಹೋಗುತ್ತದೆ. ಹೊಸ ಕಾರುಗಳಲ್ಲಿ ಇದಕ್ಕೆ ಸ್ಟಿಯರಿಂಗ್ ಹತ್ತಿರ ಸಣ್ಣ ಚಕ್ರ ಉಂಟು, 0, 1, 2, 3 ಅಂತ ಬರೆದದ್ದು. ಹೇರು ಹೆಚ್ಚಾದ ಹಾಗೆ ನಂಬರು ಹೆಚ್ಚು ಮಾಡಬೇಕು. ಹೆಚ್ಚಿನವರು ಅದನ್ನು ಮುಟ್ಟಿಯೇ ಇಲ್ಲ. ನಮ್ಮ ಜೀಪಿನಲ್ಲಿ ಅದಿಲ್ಲ. ಹಾಗಾಗಿ ಕೊಯ್ಲಿನ ಕಾಲಕ್ಕೆ ನಾನು ಬೆಳಕನ್ನು ಇನ್ನೊಂದೆರಡು ಇಂಚು ಇಳಿಸಿಡುತ್ತೇನೆ.

ಈಗ ಜೀಪಿನ ಸೀಟಿನಡಿ ಒಂದು ಸ್ಟೀಲ್ ಡಬ್ಬಿ ಉಂಟು. ಎರಡು ಎಚ್4 ಬಲ್ಬು ಬಟ್ಟೆ ಸುತ್ತಿ, ನಾಲ್ಕು ಫ್ಯೂಸ್, ಒಂದು ಸ್ಕ್ರೂ ಡ್ರೈವರ್, ಮರಳು ಕಾಗದ, ಸ್ಪಿರಿಟ್ ಬಾಟ್ಲಿ, ಹಣೆಗೆ ಕಟ್ಟುವ ಟಾರ್ಚ್. ಹೋದ ವರ್ಷ ಭಾವನ ಮಗ ಹಳೇ ಮಾರುತಿಯೊಂದನ್ನು ತೆಗೆದುಕೊಂಡ. ಕಾರು ತಂದ ದಿನವೇ ಸಂಜೆ ನಮ್ಮ ಅಂಗಳಕ್ಕೆ ತಂದು ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಅವನ ಅಜ್ಜಿ ಜಗಲಿಯಲ್ಲಿ ಕುಳಿತು ನೋಡುತ್ತಿದ್ದರು. ಮಾರುತಿಯ ಲೈಟ್ ಜೀಪಿಗಿಂತ ತಗ್ಗು, ಹಾಗಾಗಿ ಅವನಿಗೆ ಬೇರೆಯೇ ಜೋಡಿ ಗೆರೆ ಎಳೆಯಬೇಕಾಯಿತು. ಈಗ ಗೋಡೆಯಲ್ಲಿ ನಾಲ್ಕು ಗೆರೆ ಉಂಟು. ಸುಣ್ಣ ಬಳಿಯುವವರಿಗೆ ಅಷ್ಟು ಜಾಗ ಬಿಟ್ಟು ಬಳಿಯಲು ಹೇಳಿದ್ದೇನೆ.